ಅರಳೆ ಕೋಣೆಯ ತೊಟ್ಟಿಲು

ಎಷ್ಟು ಸೀಗೆಪುಡಿ ಹಾಕಿ ತಿಕ್ಕಿದರೂ ಹುಲಗಮ್ಮನ ಕೈಯಿಂದ ಚಿಮಣಿ ಎಣ್ಣೆಯ ವಾಸನೆ ಹೋಗುತ್ತಿರಲಿಲ್ಲ. ಕೊಪ್ಪಳದ ಪೇಟೆಯಲ್ಲಿ ಗಂಡ ಗ್ಯಾನಪ್ಪನದು ಎಣ್ಣೆ ಅಂಗಡಿ. ಅವನು ಮುಂದೆ ಗಾದಿಯ ಮೇಲೆ ಕುಂತು ಊರ ಉಸಾಬರಿ ಮಾಡುತ್ತಿದ್ದ. ಇವಳು ಹಿಂದಿನ ಕೋಣೆಯಲ್ಲಿ ಡಬ್ಬಿಯಿಂದ ಸೀಸೆಗಳಿಗೆ ಎಣ್ಣೆ ತುಂಬುತ್ತಿದ್ದಳು. ಅದು ನಿಜಾಮರ ಆಳಿಕೆ, ದೊಡ್ಡ ಯುದ್ಧಕ್ಕೆ ಇನ್ನೂ ಒಂದೆರಡು ವರ್ಷವಿದ್ದ ಕಾಲ.

ಗೋಡೆಯ ಆಚೆ ಪಿಂಜಾರ ಅಲ್ಲಾಸಾಬನ ಅರಳೆ ಕೋಣೆ. ಎರಡೂ ಕೋಣೆ ಹಿಂದೆ ಒಂದೇ ಮನೆಯವು. ನಡುವೆ ಗೋಡೆ ಹಾಕಿದ ಪುಣ್ಯಾತ್ಮ ಎದೆಮಟ್ಟಕ್ಕೆ ಒಂದು ಕಿಂಡಿ ಬಿಟ್ಟಿದ್ದ. ಅದರ ಮೂಲಕವೇ ಹುಲಗಮ್ಮನಿಗೂ ಅಲ್ಲಾಸಾಬನ ಹೆಂಡತಿ ಜೈನಾಬೀಗೂ ಮಾತು, ಮಜ್ಜಿಗೆ, ಉಪ್ಪಿನಕಾಯಿ ಎಲ್ಲ ನಡೆಯುತ್ತಿತ್ತು.

ಹುಲಗಮ್ಮನಿಗೆ ಮಕ್ಕಳಿರಲಿಲ್ಲ. ಜೈನಾಬೀಯ ಮಗಳು ಮುಮ್ತಾಜಳಿಗೆ ಹೆಸರಿಟ್ಟ ದಿನ ಇವಳು ಕುಪ್ಪಸದ ಬಟ್ಟೆ ಹಿಡಿದು ಹೋಗಿದ್ದಳು. ಕೂಸಿನ ಮುಖ ನೋಡಲು ಬಗ್ಗಿದಾಗ ಜೈನಾಬೀಯ ಅತ್ತೆ ಹುಸೇನಬೀ ಸರಕ್ಕನೆ ಸೆರಗು ಎಳೆದು ಅದರ ಮುಖ ಮುಚ್ಚಿಬಿಟ್ಟಳು. ಒಂದು ಮಾತಿಲ್ಲ, ಕತೆಯಿಲ್ಲ. ಬೈದಿದ್ದರೂ ಎಷ್ಟೋ ವಾಸಿಯಿತ್ತು! ಅಂದಿನಿಂದ ಹುಲಗಮ್ಮ ಆ ಹೊಸ್ತಿಲು ತುಳಿದಿರಲಿಲ್ಲ.

ಮುಂದಿನ ಅಂಗಡಿಯಲ್ಲಿ ಅರಳೆ ಹಿಂಜುವಾಗ ಧೂಳು ಹಾರುತ್ತದೆಂದು ಜೈನಾಬೀ ಕೂಸಿನ ತೊಟ್ಟಿಲನ್ನು ಹಿಂದೆ, ಅರಳೆ ಮೂಟೆಗಳ ನಡುವೆ ಕಟ್ಟಿದ್ದಳು. ಒಂದು ಮಧ್ಯಾಹ್ನ ಕೂಸು ಅತ್ತೇ ಅತ್ತಿತು. ಜೈನಾಬೀ ಗಾದಿ ಹೊಲಿಯುವುದನ್ನು ಬಿಟ್ಟು ಓಡಿ ಬಂದಳು, ತೂಗಿದಳು, ಹೋದಳು, ಮತ್ತೆ ಓಡಿ ಬಂದಳು.

"ಹಗ್ಗ ಈ ಕಡಿ ಕೊಡವ್ವ ಜೈನಾ, ನಾ ತೂಗ್ತೀನಿ," ಎಂದಳು ಹುಲಗಮ್ಮ ಕಿಂಡಿಯಿಂದ.

"ನಮ್ಮ ಅತ್ತೀಗೆ ಗೊತ್ತಾದ್ರ ನನ್ನ ಚರ್ಮ ಸುಲೀತಾಳಕ್ಕಾ."

"ಮೂಟಿ ಧೂಳಿಗೆ ಹೆದರಿ ನಿಮ್ಮತ್ತಿ ಆ ಕೋಣಿಗೆ ಕಾಲಾದ್ರೂ ಇಡ್ತಾಳೇನ? ಕೊಡ ಸುಮ್ನ."

ಹೀಗೆ ತೊಟ್ಟಿಲ ಹಗ್ಗ ಕಿಂಡಿ ದಾಟಿ ಬಂತು. ಒಂದು ಕೈಯಲ್ಲಿ ಎಣ್ಣೆಯ ಅಳತೆ, ಒಂದು ಕೈಯಲ್ಲಿ ಹಗ್ಗ. ಯಾರ ಕಣ್ಣಿಗೂ ಬೀಳದೆ ಒಂದು ಕೂಸನ್ನು ತೂಗುವ ಭಾಗ್ಯ! ಹುಲಗಮ್ಮನಿಗೆ ಆ ಕತ್ತಲ ಕೋಣೆಯೇ ಸ್ವರ್ಗವಾಯಿತು.

ಅಷ್ಟರಲ್ಲಿ ಗಂಗಾವತಿ ಕಡೆ ಎಲ್ಲೋ ಒಂದು ಎಣ್ಣೆ ಅಂಗಡಿಗೆ ಬೆಂಕಿ ಹತ್ತಿ ಪಕ್ಕದ ಬಟ್ಟೆ ಅಂಗಡಿಯನ್ನೂ ನುಂಗಿತಂತೆ. ಕೊಪ್ಪಳದ ಪೇಟೆಯಲ್ಲಿ ಡಂಗುರ ಹೊಡೆದರು: ಎಣ್ಣೆ ಇಡುವ ಕೋಣೆಗೂ ಮಗ್ಗುಲ ಕೋಣೆಗೂ ನಡುವಿನ ಗೋಡೆ ನೆಲದಿಂದ ಮಾಳಿಗೆಯ ತನಕ ಮುಟ್ಟಬೇಕು, ಅದರಲ್ಲಿ ಕಿಂಡಿ ಗಿಂಡಿ ಇರಕೂಡದು, ಬಾಗಿಲಿಗೆ ತಗಡು ಹೊಡೆಸಬೇಕು. ಇಲ್ಲದಿದ್ದರೆ ಎಣ್ಣೆ ಮಾರುವ ಪರವಾನಗಿ ರದ್ದು.

ಕಿಂಡಿ ಮುಚ್ಚಲು ಗ್ಯಾನಪ್ಪ ಗೌಂಡಿ ತಿಮ್ಮಣ್ಣನನ್ನು ಕರೆಸಿದ. ಗಂಡ ಅತ್ತ ಹೋದದ್ದೇ ತಡ, ಹುಲಗಮ್ಮ ಗೌಂಡಿಯ ಮುಂದೆ ಬಿಸಿ ರೊಟ್ಟಿ, ಶೇಂಗಾ ಚಟ್ನಿ ಇಟ್ಟಳು.

"ಎಲ್ಲಾ ಮುಚ್ಚು ತಿಮ್ಮಣ್ಣಾ. ಇಲ್ಲೊಂದು ಬೆರಳು ಹೋಗೋವಷ್ಟು ಬಿಡು."

"ಅದ್ಯಾಕ ತಂಗಿ?"

"ಕೋಣಿಗೆ ಗಾಳಿ ಬ್ಯಾಡೇನ?"

ತಿಮ್ಮಣ್ಣ ನಕ್ಕ, ರೊಟ್ಟಿ ಮುರಿದ, ತೂತು ಬಿಟ್ಟ.

ಗೋಡೆಯ ತಪಾಸಣೆಗೆ ಸರಕಾರದ ಅಮೀನ ಬಂದದ್ದು ಉರಿಬಿಸಿಲಿನಲ್ಲಿ. ಜಾಣ ಮನುಷ್ಯ, ದೀಪ ಗೀಪ ಕೇಳಲಿಲ್ಲ. ಅಲ್ಲಾಸಾಬನ ಕೋಣೆಯ ಹಿತ್ತಲ ಬಾಗಿಲು ತೆರೆಸಿ ಬಿಸಿಲು ಬಿಡಿಸಿದ, ಎಣ್ಣೆ ಕೋಣೆಯ ಬಾಗಿಲು ಹಾಕಿಸಿ ಕತ್ತಲಲ್ಲಿ ನಿಂತು ಗೋಡೆ ನೋಡಿದ. ತೂತು ಥಳಕ್ಕೆಂದಿತು. ಅದರಲ್ಲಿ ಹಗ್ಗ ನೇತಾಡುತ್ತಿತ್ತು.

"ಯೇ ಕ್ಯಾ ಹೈ?"

ಹುಲಗಮ್ಮ ಮುಂದೆ ಬಂದಳು. "ತೊಟ್ಟಿಲ ಹಗ್ಗರಿ ಸಾಹೇಬ್ರ. ಕೂಸು ತೂಗಾಕ. ಇಷ್ಟ್ ತೂತಿನಾಗ ಏನ್ ಬೆಂಕಿ ದಾಟ್ತೈತ್ರಿ?"

ಅಮೀನ ಹಗ್ಗದ ತುದಿ ಹಿಡಿದು ಮೂಸಿದ. "ಆ ಕಡೆ ಹೋಗಿ ಇದನ್ನ ಮೂಸಿ ಬಾರಮ್ಮ," ಎಂದನಷ್ಟೆ.

ಬೇರೆ ದಾರಿಯಿರಲಿಲ್ಲ. ಹುಲಗಮ್ಮ ತಲೆ ತಗ್ಗಿಸಿ ಅಲ್ಲಾಸಾಬನ ಹೊಸ್ತಿಲು ದಾಟಿ ಅರಳೆ ಕೋಣೆಗೆ ಹೋದಳು. ಧೂಳು ತಾಗದಂತೆ ಬಟ್ಟೆ ಹೊದಿಸಿಕೊಂಡು ಕೂಸು ಮಲಗಿತ್ತು. ತೊಟ್ಟಿಲಿಗೆ ಕಟ್ಟಿದ ಗಂಟನ್ನು ಮೂಗಿಗೆ ಹಿಡಿದಳು. ಗಮ್ಮೆಂದು ಚಿಮಣಿ ಎಣ್ಣೆ! ದಿನವೂ ಅವಳ ಕೈಯಿಂದ ಹೀರಿ ಹೀರಿ ಹಗ್ಗ ಆ ತುದಿಯಿಂದ ಈ ತುದಿಗೆ ನೆಂದಿತ್ತು. ಸುತ್ತ ಮಾಳಿಗೆಯ ತನಕ ಅರಳೆ. ಎಣ್ಣೆ ಡಬ್ಬಿಯಿಂದ ಕೂಸಿನ ತನಕ ಒಂದು ಬತ್ತಿ, ಹೊಸೆದವಳು ತಾನೇ! ಕೂಸನ್ನು ಮುಟ್ಟದೆ ಗಂಟು ಬಿಚ್ಚಿದಳು.

ತಿರುಗಿ ಬಂದವಳೇ ಮಣ್ಣು ಕಲಸಲು ಕುಂತಳು.

"ಗೌಂಡಿ ಬರ್ತಾನ ತಡಿಯ," ಎಂದ ಗ್ಯಾನಪ್ಪ.

"ತೂತು ಬಿಡಿಸಿದಾಕಿ ನಾನು. ನಾನ ಮುಚ್ಚತೀನಿ."

ಮುಚ್ಚಿದಳು. ಅಮೀನ ಇನ್ನೊಮ್ಮೆ ಕತ್ತಲಲ್ಲಿ ನಿಂತು ನೋಡಿ ಪರವಾನಗಿ ಉಳಿಸಿಕೊಟ್ಟ. ತೊಟ್ಟಿಲನ್ನು ಅರಳೆಯಿಂದ ಆಚೆ ಕಟ್ಟಬೇಕೆಂದು ಅಲ್ಲಾಸಾಬನಿಗೆ ತಾಕೀತು ಮಾಡಿದ.

ಮರುದಿನ ಎಣ್ಣೆ ತುಂಬುವಾಗ ಹುಲಗಮ್ಮನ ಎಡಗೈಗೆ ಕೆಲಸವಿರಲಿಲ್ಲ. ಆ ಕಡೆಯ ಸಪ್ಪಳವೂ ಇಲ್ಲ. ದುಃಖ ಒತ್ತರಿಸಿ ಬಂದು ಎಣ್ಣೆ ಚೆಲ್ಲಿತು. ಗ್ಯಾನಪ್ಪ ಬೈಯಲಿಲ್ಲ; ತಾನೇ ಬೂದಿ ತಂದು ಮೇಲೆ ಸುರಿದ.

"ಹೊರಗ ನಡಿ, ಗಾಳಿಗಿ ಕುಂದ್ರು," ಎಂದ.

ಅವಳು ಕೈ ತೊಳೆದುಕೊಂಡು ಅಂಗಡಿಯ ಕಟ್ಟೆಗೆ ಬಂದು ಕುಂತಾಗ ಮಗ್ಗುಲ ಮನೆಯಲ್ಲಿ ಹುಸೇನಬೀಯ ದನಿ ಏರಿತ್ತು. "ಎಲ್ಲಿಗೆ ಒಯ್ತೀ ಕೂಸನ್ನ? ಆಕಿ ಕಡೀಗೆ? ಬುದ್ಧಿ ಐತೇನ ನಿನಗ?"

"ಇಷ್ಟ ದಿನಾ ಇದನ್ನ ಮಲಗಿಸಿದಾಕಿ ಯಾರಂತ ಮಾಡೀರಿ ಅತ್ತೀ?" ಇಡೀ ಪೇಟೆಗೆ ಕೇಳುವಂತೆ ಕೂಗಿದಳು ಜೈನಾಬೀ. ತಲೆಯ ಮೇಲೆ ಸೆರಗೆಳೆದುಕೊಂಡು ಕೂಸನ್ನು ಎತ್ತಿಕೊಂಡು ನಡುಬೀದಿಗೆ ಬಂದಳು, ಕಟ್ಟೆ ಹತ್ತಿದಳು, ಹುಲಗಮ್ಮನ ತೊಡೆಯ ಮೇಲೆ ಅದನ್ನು ಹಾಕಿದಳು.

ಮುಮ್ತಾಜ ಕಣ್ಣರಳಿಸಿ ಆ ಮುಖ ನೋಡಿತು. ಮರುಗಳಿಗೆ ಕಿಟಾರನೆ ಕಿರುಚಿ ಅಳತೊಡಗಿತು. ಹುಲಗಮ್ಮ ಗಾಬರಿಯಾಗಿ ಕೂಸನ್ನು ತಾಯಿಯ ಕಡೆ ಚಾಚಿದಳು. ಜೈನಾಬೀ ಕೈ ಒಡ್ಡಲಿಲ್ಲ.

"ಅಳ್ಲಿ ಬಿಡಕ್ಕಾ, ಹೊಸಾ ಮುಖ. ನಾಳಿಗೂ ತರ್ತೀನಲ್ಲ, ರೂಢಿ ಆಗತೈತಿ," ಎಂದು ಗಾದಿ ಹೊಲಿಯಲು ಹೊರಟುಹೋದಳು.