ನಾಲ್ಕು ಮೊಳ

ಹೆನ್ಯಾ ಮುದುಕಿ ಬಟ್ಟೆಯನ್ನು ಕಿತ್ತುಕೊಂಡೇಬಿಟ್ಟಳು. "ನಿನ್ನ ಕೈಗಿಷ್ಟು! ಹೆಣದ ಅಂಗಿಗೆ ಯಾರಾದ್ರೂ ಗಂಟು ಹಾಕ್ತಾರೇನೆ? ಅವಳು ಬಿಡಿಸ್ಕೊಂಡು ಹೋಗೋದು ಬೇಡ್ವಾ?"

ಫ್ರೂಮಾ ನಾಲಿಗೆ ಕಚ್ಚಿಕೊಂಡಳು. ಆರು ವರ್ಷ ಷರ್ಟು ಕಾರ್ಖಾನೆಯಲ್ಲಿ ಹೊಲಿದ ಬೆರಳುಗಳು, ದಾರದ ತುದಿ ಸಿಕ್ಕರೆ ಸಾಕು, ತಾವಾಗಿ ಗಂಟು ಹಾಕುತ್ತಿದ್ದವು. ಒಳಕೋಣೆಯಲ್ಲಿ ಹೆಂಗಸರು ಮಿಂಡೆಲ್‌ಗೆ ಕೊನೆಯ ಸ್ನಾನ ಮಾಡಿಸುತ್ತಿದ್ದರು. ಇಪ್ಪತ್ತಮೂರು, ಸಾಯುವ ವಯಸ್ಸೇ ಅದು?

"ಇವಳ ಕೈಲಿ ಯಾಕೆ ಹೊಲಿಸ್ತೀಯಾ?" ಜೊತೆ ಕೆಲಸದ ಬಾಶಾ ಬಾಗಿಲಲ್ಲೇ ನಿಂತು ಕೇಳಿದಳು. "ಮುಷ್ಕರದಲ್ಲಿ ಮಿಂಡೆಲ್ ಹಿಮದಲ್ಲಿ ಕೆಮ್ತಾ ನಿಂತಿದ್ದಾಗ ಈ ಮಹಾರಾಣಿ ಒಳಗೆ ಮೆಷೀನ್ ತುಳೀತಿದ್ಳು."

"ಸತ್ತವಳ ಮುಂದೆ ಬಾಯಿ ಮುಚ್ಚೇ," ಎಂದಳು ಹೆನ್ಯಾ.

"ಬೆಳಿಗ್ಗೆ ಹತ್ತಕ್ಕೆ ಹೊರಡ್ತೀವಿ," ಎಂದಳು ಬಾಶಾ. "ಬರ್ತೀಯೇನೆ ಫ್ರೂಮಾ?"

"ಮೇಸ್ತ್ರಿ ರಜೆ ಇಲ್ಲ ಅಂದಿದಾನೆ. ಹೋದವ್ರು ಮತ್ತೆ ಬರೋದೇ ಬೇಡ್ವಂತೆ."

"ಗೊತ್ತಿತ್ತು ಬಿಡು."

*

ಫ್ರೂಮಾ, ಮಿಂಡೆಲ್ ಇಬ್ಬರೂ ಮಿನ್‌ಸ್ಕ್ ಕಡೆಯ ಒಂದೇ ಊರಿನ ಯೆಹೂದಿಗಳು, ಒಂದೇ ಹಡಗಿನಲ್ಲಿ ನ್ಯೂಯಾರ್ಕಿಗೆ ಬಂದಿಳಿದವರು. ಕೆಲಸದ ಹೊತ್ತಿನಲ್ಲಿ ಬಾಗಿಲಿಗೆ ಬೀಗ ಜಡಿಯಬಾರದು, ನಾವೇನು ಕಳ್ಳರೇ ಎಂದು ಮಿಂಡೆಲ್ ಮುಷ್ಕರ ಹೂಡಿದಾಗ ಫ್ರೂಮಾ ಮೂರು ವಾರ ಜೊತೆಗೆ ನಿಂತಳು. ನಾಲ್ಕನೆಯ ವಾರ ಹೆದರಿಕೊಂಡು, ತಲೆ ತಗ್ಗಿಸಿ ಒಳಗೆ ಹೋದಳು.

ಮಿಂಡೆಲ್ ಬೈಯಲಿಲ್ಲ. "ಹೋಗು, ಒಳಗೆ ಬೆಚ್ಚಗಿರುತ್ತೆ," ಎಂದಳಷ್ಟೆ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

*

ಹತ್ತೂವರೆಗೆ ಶವದ ಗಾಡಿ ಕಾರ್ಖಾನೆಯ ಕೆಳಗೆ ಬಂದು ನಿಂತಿತು. ಎಂಟನೆಯ ಮಹಡಿಯ ಕಿಟಕಿಯಲ್ಲಿ ಫ್ರೂಮಾಳಿಗೆ ಅದು ಕಂಡಿತು. ಅವರ ಕಟ್ಟಳೆಯಂತೆ, ಹೆಣ ಕಣ್ಣಿಗೆ ಬಿದ್ದರೆ ದಾರಿಹೋಕನೂ ಅದರ ಹಿಂದೆ ನಾಲ್ಕು ಮೊಳವಾದರೂ ನಡೆಯಬೇಕು. ಕೂತೇ ಇದ್ದರೆ ಸತ್ತವರನ್ನು ಅಣಕಿಸಿದ ಹಾಗೆ. ಸೂಜಿ ಎರಡು ಸಲ ದಾರ ತಪ್ಪಿತು. ಅವಳು ಎದ್ದಳು.

"ಬಾಗಿಲು ತೆಗೀರಿ."

"ಕೂತ್ಕೊಳ್ಳಮ್ಮಾ," ಎಂದ ಮೇಸ್ತ್ರಿ. "ಸಾಯಂಕಾಲದವರೆಗೂ ಬೀಗ ತೆಗೆಯಲ್ಲ. ಕೆಲಸ ಬೇಡ್ವಾ?"

"ಬೇಡ."

ಆ ಮಾತು ತನ್ನ ಬಾಯಿಂದಲೇ ಬಂದದ್ದು ಅವಳಿಗೆ ನಂಬಲಾಗಲಿಲ್ಲ. ಮೇಸ್ತ್ರಿ ಬೀಗದ ಕೈಯನ್ನು ಜೇಬಿಗಿಳಿಸಿ ಬಾಗಿಲಿಗೆ ಬೆನ್ನು ಕೊಟ್ಟು ನಿಂತ. ಕೆಳಗೆ ಗಾಡಿ ಹೊರಟಿತು. ಫ್ರೂಮಾ ಮೆಷೀನುಗಳ ಸಾಲಿನ ನಡುವೆ, ಗಾಡಿ ಹೋದ ದಿಕ್ಕಿಗೇ, ನಡೆಯತೊಡಗಿದಳು. ಹಿಂದೆ ಒಂದು ಕುರ್ಚಿ ಸರಿಯಿತು. ಇನ್ನೊಂದು. ಆಮೇಲೆ ಇಡೀ ಸಾಲೇ ಎದ್ದಿತು.

"ಏಯ್, ಎಲ್ಲಿಗ್ರೇ? ನಿಂತ್ಕೊಳ್ರೇ!"

ನಾಲ್ಕು ಮೊಳ ಮುಗಿಯಿತು. ಯಾರೂ ನಿಲ್ಲಲಿಲ್ಲ. ಎಂಬತ್ತು ಹೆಂಗಸರು ಬಾಗಿಲಿನತ್ತ ಬರುತ್ತಲೇ ಇದ್ದರು. ಮೇಸ್ತ್ರಿಯ ಕೈ ಜೇಬಿನಲ್ಲಿ ಬೀಗದ ಕೈಗಾಗಿ ತಡಕಾಡುತ್ತಿತ್ತು.