ಹಲ್ಲಿಗೂ ಒಂಚೂರು ಕೆಲಸ ಕೊಡಿ

ದರ್ಜಿಯಮ್ಮನ ಮನೆಯಲ್ಲಿ ಬಿಸ್ಕತ್ತಿನ ಡಬ್ಬಿ ವಾರಕ್ಕೆ ಮೂರು ಸಲ ಖಾಲಿಯಾಗುತ್ತಿತ್ತು. ಖಾಲಿ ಮಾಡುತ್ತಿದ್ದವರು ಅವಳ ಮಾವ, ನಿವೃತ್ತ ಬಸ್ ಕಂಡಕ್ಟರ್. ಹೊಸ ಹಲ್ಲಿನ ಸೆಟ್ಟು ಬಂದು ಎರಡು ತಿಂಗಳಾಗಿದ್ದರೂ ಅದು ನೀರಿನ ಲೋಟದಲ್ಲೇ ಕೂತು ನಗುತ್ತಿತ್ತು. "ಒತ್ತುತ್ತೆ ಕಣಮ್ಮ" ಎನ್ನುತ್ತಿದ್ದರು ಮಾವ. ಪಾಪ ಎಂದು ಸೊಸೆ ತರಕಾರಿ, ಕಾಳು, ಹಣ್ಣು ಎಲ್ಲವನ್ನೂ ನುಣ್ಣಗೆ ರುಬ್ಬಿ, ಸೋಸಿ ಕೊಡುತ್ತಿದ್ದಳು. ಮಾವ ಗಟಗಟ ಕುಡಿದು ಮುಗಿಸುತ್ತಿದ್ದರು. ಗಂಟೆಯೊಳಗೆ ಮತ್ತೆ ಹಸಿವು. ಚಹಾಕ್ಕೆ ಅದ್ದಿದ ಬಿಸ್ಕತ್ತು ಒಂದಾದ ಮೇಲೊಂದು ಒಳಗಿಳಿಯುತ್ತಿತ್ತು.

ಒಂದು ದಿನ ಅವಳ ಗಂಡ ತಮಾಷೆಗೆಂದು, "ಅಪ್ಪಂದು ಹೊಟ್ಟೆನೋ, ತೂತು ಕೊಡಾನೋ?" ಎಂದುಬಿಟ್ಟ. ಮಾವ ಕೈಯಲ್ಲಿದ್ದ ಬಿಸ್ಕತ್ತನ್ನು ಅಲ್ಲೇ ಇಟ್ಟು ಎದ್ದು ಹೋದರು. ಮರುದಿನ ಊಟವನ್ನೂ ಮುಟ್ಟಲಿಲ್ಲ. ಹೊಲಿಗೆ ಯಂತ್ರದ ಮುಂದೆ ಕೂತರೂ ಸೊಸೆಯ ಕಣ್ಣು ಮಾವನ ಕೋಣೆಯತ್ತಲೇ ಇತ್ತು.

ಆ ಸಂಜೆ ಸಮವಸ್ತ್ರದ ಅಳತೆ ಕೊಡಲು ಪಕ್ಕದ ಬೀದಿಯ ನರ್ಸಕ್ಕ ಬಂದರು. ಸೊಸೆ ಟೇಪು ಹಿಡಿದುಕೊಂಡೇ ಎಲ್ಲವನ್ನೂ ಹೇಳಿಕೊಂಡಳು.

"ಅಯ್ಯೋ, ಅವರದು ದುರಾಸೆ ಅಲ್ಲ ಕಣೇ, ನಿಜವಾದ ಹಸಿವು" ಎಂದರು ನರ್ಸಕ್ಕ. "ನೀರಾಗಿರೋದು ಸಾಮಾನ್ಯವಾಗಿ ಹೊಟ್ಟೇಲಿ ಜಾಸ್ತಿ ಹೊತ್ತು ನಿಲ್ಲಲ್ಲ. ಸೋಸಿದ್ರೆ ನಾರೂ ಹೋಯ್ತು. ಅದಕ್ಕೇ ಮಲಬದ್ಧತೆ ಬೇರೆ ಇರ್ಬೇಕಲ್ಲ?"

ಒಳಗಿನಿಂದ ಮಾವ ಕೆಮ್ಮಿದರು. ಇದೆ ಎಂದರ್ಥ.

ಪಕ್ಕದಲ್ಲಿ ಫೋನ್ ನೋಡುತ್ತ ಕೂತಿದ್ದ ಗಂಡ ಒಪ್ಪಲಿಲ್ಲ. "ರುಬ್ಬಿದ್ರೂ ಅದೇ ತರಕಾರಿ, ಅಗಿದ್ರೂ ಅದೇ. ಹೊಟ್ಟೆಗೇನು ಕಣ್ಣಿದ್ಯಾ?"

"ಕಣ್ಣಿಲ್ಲ, ಆದ್ರೆ ಮಿದುಳಿಗೆ ಸುದ್ದಿ ಕಳಿಸುತ್ತೆ. ಸಾಕು ಅನ್ನೋ ಆ ಸುದ್ದಿ ಮುಟ್ಟೋಕೆ ಸುಮಾರು ಇಪ್ಪತ್ತು ನಿಮಿಷ ಬೇಕು. ಅಗಿದ್ರೆ ಊಟ ನಿಧಾನ ಆಗುತ್ತೆ, ಎಂಜಲು ಬೆರೆತು ಜೀರ್ಣಕ್ಕೂ ಸಲೀಸು. ನೀವು ಫೋನ್ ನೋಡ್ತಾ ಐದು ನಿಮಿಷಕ್ಕೆ ನುಂಗ್ತೀರಲ್ಲ, ನಿಮಗೂ ಇದೇ ಮಾತು!"

ಗಂಡ ಫೋನನ್ನು ಮೆಲ್ಲಗೆ ಜೇಬಿಗಿಳಿಸಿದ. ಒಳಗಿನಿಂದ ಮಾವ ನಕ್ಕ ಸದ್ದು ಕೇಳಿಸಿತು.

ಪದೇಪದೇ ಹಸಿವಾಗಲು ಸಕ್ಕರೆ ಕಾಯಿಲೆಯೂ ಕಾರಣವಿರಬಹುದು ಎಂದು ನರ್ಸಕ್ಕ ಹೇಳಿದ್ದರಿಂದ ಮೊದಲು ಅದರ ಪರೀಕ್ಷೆ ಮಾಡಿಸಿದರು. ಏನೂ ಇರಲಿಲ್ಲ. ದಂತವೈದ್ಯರು ಸೆಟ್ಟಿನ ಅಂಚು ಉಜ್ಜಿ ಸರಿಪಡಿಸಿದರು. ಮೊದಲ ವಾರ ಕಿವುಚಿದ ತರಕಾರಿ, ಆಮೇಲೆ ಮೆತ್ತಗೆ ಬೆಂದ ಸಣ್ಣ ಹೋಳು, ಇಡೀ ಕಾಳು.

"ನಿಂಗೆ ಹೋಳು, ನಂಗೆ ಗೋಳು" ಎಂದು ಗೊಣಗುತ್ತಲೇ ಮಾವ ಅಗಿಯಲು ಕಲಿತರು.

ಮೂರನೇ ವಾರದ ಒಂದು ಮಧ್ಯಾಹ್ನ ಎಲ್ಲರೂ ಒಟ್ಟಿಗೆ ಊಟಕ್ಕೆ ಕೂತಿದ್ದರು. ಟಿಕೆಟ್ ಕೊಳ್ಳದೆ ಆಡಿನ ಜೊತೆ ಹತ್ತಿದ ಪ್ರಯಾಣಿಕನ ಕಥೆಯನ್ನು ಮಾವ ತುತ್ತು ತುತ್ತಿನ ನಡುವೆ ಹೇಳುತ್ತಿದ್ದರು. ಕಥೆ ಮುಗಿಯುವಾಗ ಅರ್ಧ ಗಂಟೆಯಾಗಿತ್ತು. ಸೊಸೆ ಇನ್ನಷ್ಟು ಬಡಿಸಲು ಬಂದಳು. ಮಾವ ತಟ್ಟೆಗೆ ಕೈ ಅಡ್ಡ ಹಿಡಿದರು.

"ಸಾಕಮ್ಮ. ಹೊಟ್ಟೆ ತುಂಬ್ತು."

ತಿಂಗಳುಗಳಿಂದ ಕೇಳದ ಮಾತು. ಸೊಸೆಯ ಕಣ್ಣು ಒದ್ದೆಯಾಯಿತು. ಗಂಡ, "ಅವತ್ತು ಹಾಗನ್ನಬಾರದಿತ್ತಪ್ಪ" ಎಂದು ತೆಳ್ಳಗೆ ಹೆಚ್ಚಿದ ಸೇಬಿನ ಹೋಳನ್ನು ಮುಂದೆ ಹಿಡಿದ. ಮಾವ ಬಾಯಿಗಿಟ್ಟರು. ಕರುಂ! ಆ ಸದ್ದಿಗೆ ಅವರೇ ಬೆಚ್ಚಿಬಿದ್ದು, ಮನೆಯೆಲ್ಲ ನಗುವಾಯಿತು.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಯಾರಾದರೂ ಪದೇಪದೇ ಹಸಿವು ಎಂದರೆ ರೇಗಿಸಬೇಡಿ. ಏನು ತಿನ್ನುತ್ತಾರೆ ಎನ್ನುವುದರ ಜೊತೆಗೆ ಹೇಗೆ ತಿನ್ನುತ್ತಾರೆಂದೂ ನೋಡಿ. ನುಂಗಲು ತೊಂದರೆ ಇರುವವರು ವೈದ್ಯರನ್ನು ಕೇಳಿಯೇ ಊಟ ಬದಲಿಸಲಿ. ಉಳಿದವರೆಲ್ಲ ಇವತ್ತಿನ ಊಟಕ್ಕೇ ನಿಧಾನವಾಗಿ ಕೂತು, ಚೆನ್ನಾಗಿ ಅಗಿದು, ಮನೆಯವರ ಜೊತೆ ನಾಲ್ಕು ಮಾತಾಡಿ ಉಣ್ಣಿ.