ನಾಲಿಗೆ ಕಳೆದುಕೊಂಡ ಮೂರು ತಿಂಗಳು

ಬಸ್ ಡಿಪೋದಲ್ಲಿ ಅವನಿಗೆ ಗುಡುಗಪ್ಪ ಎಂದೇ ಹೆಸರು. ಹಿಂದಿನ ಗೇಟಿನಲ್ಲಿ ನಿಂತು ಬೈದರೆ ಮುಂದಿನ ಗೇಟಿನಲ್ಲಿ ಚಕ್ರ ಬಿಚ್ಚುತ್ತಿದ್ದವನ ಕೈಯಿಂದ ಸ್ಪ್ಯಾನರ್ ಜಾರಬೇಕು, ಅಂಥ ಗಂಟಲು. ಮನೆಗೆ ಬಂದ ಮೇಲೂ ಆ ಗಂಟಲಿಗೆ ರಜೆ ಇರಲಿಲ್ಲ. ಚಹಾ ಆರಿದರೆ ಬೈಗುಳ, ಬಾಗಿಲು ಕಿರುಗುಟ್ಟಿದರೆ ಬೈಗುಳ. ಮುಂದಿನ ಕೋಣೆಯಲ್ಲಿ ಶಾಲೆಯ ಸಮವಸ್ತ್ರ ಹೊಲಿಯುತ್ತಿದ್ದ ಹೆಂಡತಿ ಮೂವತ್ತೆರಡು ವರ್ಷ ಅದನ್ನು ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಟ್ಟಿದ್ದಳು. ಎಲ್ಲವೂ ಹೊರಗೆ ಹೋಗಿರಲಿಲ್ಲ ಎಂಬುದು ಅವಳಿಗೇ ತಡವಾಗಿ ಗೊತ್ತಾಯಿತು.

ಒಂದು ಬೆಳಿಗ್ಗೆ ಹಲ್ಲುಜ್ಜಿ ಬಾಯಿ ಮುಕ್ಕಳಿಸಲು ಹೋದ. ನೀರು ತುಟಿಯ ಬಲಗಡೆಯಿಂದ ಅಂಗಿಯ ಮೇಲೆ ಸುರಿಯಿತು. ಯಾರನ್ನೋ ಬೈಯಲು ಬಾಯಿ ತೆರೆದರೆ ಹೊರಬಂದಿದ್ದು ಬರೀ "ಬ್ಬ... ಬ್ಬ".

ಲಕ್ವ ಹೊಡೆದಿತ್ತು. ಹನ್ನೆರಡು ದಿನ ಆಸ್ಪತ್ರೆ. ಕಾಲು ಒಂದು ಮಟ್ಟಕ್ಕೆ ಬಂತು, ಕೈಯೂ ಅರ್ಧ ಬಂತು, ಮಾತು ಮಾತ್ರ ಬರಲಿಲ್ಲ. ಮಾತು ಕಲಿಸುವ ಡಾಕ್ಟರಮ್ಮ ಇನ್ನೂ ಚಿಕ್ಕ ವಯಸ್ಸಿನವಳು. ಅವಳು ಹೇಳಿದಳು: "ತಲೇಲಿ ಮಾತೆಲ್ಲ ಇದೆ ಅಮ್ಮಾ. ನಾಲಿಗೆ, ತುಟಿ, ಕೆನ್ನೆ ಸೋತಿವೆ ಅಷ್ಟೆ. ಅವಕ್ಕೆ ಕಸರತ್ತು ಮಾಡಿಸ್ಬೇಕು."

ನಾಲಿಗೆ ಚಾಚಿ ಬಾಯಿಯ ಎರಡೂ ಮೂಲೆ ಮುಟ್ಟುವುದು. ಚಮಚದ ಬೆನ್ನನ್ನು ನಾಲಿಗೆಯಿಂದ ಒತ್ತುವುದು. ಕೆನ್ನೆ ಉಬ್ಬಿಸಿ ಗಾಳಿ ಸೋರದಂತೆ ಹಿಡಿಯುವುದು. ಪ, ತ, ಕ. ಸೋತ ಬಲಗಡೆಗೆ ಇನ್ನೊಬ್ಬರ ಬೆರಳು ಆಸರೆ ಕೊಡಬೇಕು. ದಿನಕ್ಕೆ ಮೂರು ಸಲ, ಮಾಡಿದಾಗಲೆಲ್ಲ ಹಾಳೆಯಲ್ಲಿ ಒಂದು ಗುರುತು.

"ಮೊದಲ ಮೂರು ತಿಂಗಳು ಮಾತ್ರ ಬಿಡಬೇಡಿ," ಎಂದಳು ಡಾಕ್ಟರಮ್ಮ. "ಆಗ ಬಂದಷ್ಟು ಬೇಗ ಆಮೇಲೆ ಬರಲ್ಲ."

ಮೊದಲ ವಾರ ಹೆಂಡತಿ ಒಂದನ್ನೂ ತಪ್ಪಿಸಲಿಲ್ಲ. ಆಮೇಲೆ ಶಾಲೆಗಳು ತೆರೆಯುವ ಕಾಲ ಬಂತು, ಅಂಗಿ ಚಡ್ಡಿಗಳ ರಾಶಿ ಬಿತ್ತು. ಮಧ್ಯಾಹ್ನದ್ದು ಬಿಟ್ಟುಹೋಯಿತು, ಬೆನ್ನಿಗೇ ಸಂಜೆಯದು, ಕೊನೆಗೆ ಬೆಳಗಿನದೂ. ಬಿಡುವಿರಲಿಲ್ಲ ಎಂಬುದು ಸುಳ್ಳಲ್ಲ. ಆದರೆ ಅದೊಂದೇ ನಿಜವೂ ಅಲ್ಲ. ಮನೆ ತಣ್ಣಗಿತ್ತು. ಚಹಾ ಆರಿದರೂ ಅವನು ಸುಮ್ಮನೆ ಕುಡಿಯುತ್ತಿದ್ದ. ಇನ್ನೊಂದು ನಾಲ್ಕು ದಿನ ಹೀಗೇ ಇರಲಿ, ಆಮೇಲೆ ಶುರು ಮಾಡಿಸಿದರಾಯಿತು ಎಂದು ಅವಳು ತನಗೆ ತಾನೇ ಹೇಳಿಕೊಂಡಳು. ಆ ನಾಲ್ಕು ದಿನ ಮುಗಿಯಲೇ ಇಲ್ಲ.

ತಿಂಗಳಿಗೊಮ್ಮೆ ತೋರಿಸಲು ಹೋಗುವ ಹಿಂದಿನ ದಿನ ಕೂತು ಹಾಳೆಯ ತುಂಬ ಗುರುತು ಹಾಕಿಬಿಡುತ್ತಿದ್ದಳು.

"ದಿನಾ ಮಾಡ್ತಿದ್ದೀರಾ?" ಎಂದು ಡಾಕ್ಟರಮ್ಮ ಕೇಳಿದಳು.

"ಹೂಂ, ತಪ್ಪಿಸಿಲ್ಲ."

ಡಾಕ್ಟರಮ್ಮ ಅವನ ಕಡೆ ತಿರುಗಿದಳು. "ಹೌದಾ ಯಜಮಾನ್ರೇ?"

ಅವನು ಹೆಂಡತಿಯನ್ನೇ ಒಂದು ಗಳಿಗೆ ನೋಡಿ, ಹೌದೆಂದು ತಲೆ ಆಡಿಸಿದ.

ಎರಡನೆಯ ಸಲವೂ ಅಷ್ಟೇ ಆಯಿತು.

ಮೂರನೆಯ ತಿಂಗಳು ಮುಗಿಯುವ ಹೊತ್ತಿಗೆ ಒಂದು ದಿನ ಅವಳು ಗುಂಡಿ ತರಲೆಂದು ಹೊರಟವಳು ಚೀಲ ಮರೆತು ಅರ್ಧ ದಾರಿಯಿಂದ ವಾಪಸು ಬಂದಳು. ಮಲಗುವ ಕೋಣೆಯಿಂದ ಏನೋ ಸದ್ದು. ಇಣುಕಿದಳು. ಕಪಾಟಿನ ಕನ್ನಡಿಯ ಮುಂದೆ ಅವನು ಎಡಗೈಯಲ್ಲಿ ಚಮಚ ಹಿಡಿದು ನಾಲಿಗೆಗೆ ಒತ್ತುತ್ತಿದ್ದ. ಜೊಲ್ಲು ಅಂಗಿಯ ಮೇಲೆಲ್ಲ ಇಳಿದಿತ್ತು. "ಪ್ಪ... ತ್ತ..." ಎನ್ನುವಾಗ ಗಟ್ಟಿಯಿದ್ದ ಎಡಗೆನ್ನೆಯೊಂದೇ ಕೆಲಸ ಮಾಡುತ್ತಿತ್ತು. ಬಾಯಿ ಪೂರ್ತಿ ಆ ಕಡೆಗೇ ಎಳೆದುಕೊಂಡಿತ್ತು. ಆಸರೆಗೆ ಬೆರಳು ಕೊಡಬೇಕಾದವಳು ಬಾಗಿಲಲ್ಲಿ ನಿಂತಿದ್ದಳು.

ಮರುದಿನವೇ ಡಾಕ್ಟರಮ್ಮನ ಹತ್ತಿರ ಓಡಿಹೋಗಿ ಬಾಯಿಬಿಟ್ಟಳು. "ಗುರುತೆಲ್ಲ ಸುಳ್ಳು. ನಾನು ಮಾಡಿಸಲೇ ಇಲ್ಲ."

ಡಾಕ್ಟರಮ್ಮ ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು. ಹಾಳೆಯನ್ನು ಮಡಿಸಿ ಪಕ್ಕಕ್ಕಿಟ್ಟು, "ಬರೋದೇ ಇಲ್ಲ ಅನ್ನಲ್ಲ. ಆದ್ರೆ ಎಷ್ಟು ಬರಬಹುದಾಗಿತ್ತೋ ಅಷ್ಟು ಬರುತ್ತೆ ಅಂತ ಈಗ ಹೇಳಲಾರೆ," ಎಂದಳು.

ಅಂದಿನಿಂದ ದಿನಕ್ಕೆ ಮೂರು ಸಲ ಅವಳು ಹೊಲಿಗೆ ಯಂತ್ರ ಬಿಟ್ಟು ಎದ್ದಳು. ಕೆಲವು ಮನೆಗಳ ಬಟ್ಟೆ ವಾಪಸು ಹೋದವು. ಹೋಗಲಿ ಎಂದಳು. ಕೆನ್ನೆಗೆ ಬೆರಳೊತ್ತಿ, "ಊದ್ರೀ, ಇನ್ನೊಂಚೂರು," ಎನ್ನುತ್ತಿದ್ದಳು. ಅವನು ಊದುವಾಗ ಗಾಳಿ ಪುಸ್ಸೆಂದು ಸೋರಿ ಅವಳ ಮುಖಕ್ಕೆ ಎಂಜಲು ಸಿಡಿಯುತ್ತಿತ್ತು. ಒಂದೆರಡು ಸಲ ಇಬ್ಬರೂ ನಕ್ಕಿದ್ದರು.

ಐದು ತಿಂಗಳಾದ ಮೇಲೆ, ತೊದಲುತ್ತ ನಾಲ್ಕು ಮಾತು ಬರುತ್ತಿದ್ದಾಗ, ತಡೆಯಲಾರದೆ ಕೇಳಿಬಿಟ್ಟಳು. "ನಾನು ಸುಳ್ಳು ಹೇಳ್ತಿದ್ದೀನಿ ಅಂತ ಗೊತ್ತಿತ್ತಲ್ಲ. ಮತ್ಯಾಕ್ರೀ ತಲೆ ಆಡಿಸಿದ್ರಿ?"

ಅವನು ತುಂಬ ಹೊತ್ತು ತುಟಿ ಹೊಂದಿಸಿಕೊಂಡ.

"ನೀ... ಹಾ... ಹಾಡ್ತಿದ್ದೆ."

"ನಾನಾ? ಯಾವಾಗ?"

ಅವನು ಎಡಗೈ ಎತ್ತಿ ಹೊಲಿಗೆ ಯಂತ್ರದ ಕಡೆ ತೋರಿಸಿದ. "ನಾ... ಸುಮ್ನಿದ್ದಾಗ."

ಯಂತ್ರದ ಮುಂದೆ ಕೂತು ಗುನುಗುತ್ತಿದ್ದೆನೆಂಬುದು ಅವಳಿಗೆ ಗೊತ್ತೇ ಇರಲಿಲ್ಲ. ಅವಳು ಸೆರಗಿನಿಂದ ಅವನ ಗದ್ದ ಒರೆಸಿದಳು. ಒರೆಸುತ್ತಲೇ ಇದ್ದಳು. ಅಲ್ಲಿ ಜೊಲ್ಲೇನೂ ಉಳಿದಿರಲಿಲ್ಲ.

ಈಗ ವರ್ಷ ಕಳೆದಿದೆ. ಅವನು ಆಡುವುದು ಅವಳಿಗೆ ತಿಳಿಯುತ್ತದೆ, ಹೊರಗಿನವರಿಗೆ ಅರ್ಧವೂ ತಿಳಿಯದು. ಡಿಪೋದಿಂದ ಹಳೆಯ ಮೆಕ್ಯಾನಿಕ್‌ಗಳು ನೋಡಲು ಬಂದರೆ ಅವನ ಮುಖ ನೋಡಿ, ಆಮೇಲೆ ಅವಳ ಮುಖ ನೋಡುತ್ತಾರೆ. ಫೋನಿನಲ್ಲಂತೂ ಆಗುವುದೇ ಇಲ್ಲ.

ಹೋದ ವಾರ ಬೇರೆ ಊರಿನಲ್ಲಿರುವ ಮಗಳು ಫೋನ್ ಮಾಡಿದಾಗ ಅವನು ಎರಡು ನಿಮಿಷ ಕಷ್ಟಪಟ್ಟು ಏನೋ ಹೇಳಿದ. "ಅಮ್ಮಾ, ಅಪ್ಪ ಏನಂದ್ರು?" ಎಂದಳು ಮಗಳು.

"ಮಗೂಗೆ ಜ್ವರ ಬಿಡ್ತಾ ಅಂತ ಕೇಳ್ತಿದ್ದಾರೆ."

"ಬಿಡ್ತು ಅಂತ ಹೇಳು." ಮಗಳು ಸ್ವಲ್ಪ ತಡೆದು ಕೇಳಿದಳು, "ಅಪ್ಪಂಗೆ ಮಾತು ಇಷ್ಟೇನಾ ಅಮ್ಮಾ, ಬರೋದು?"

ಅವಳು ಫೋನ್ ಹಿಡಿದು ಅಂಗಳಕ್ಕೆ ಬಂದಳು. ಇಷ್ಟು ದಿನ ಮಗಳಿಗೆ ಹೇಳದೆ ಉಳಿಸಿಕೊಂಡಿದ್ದನ್ನು, ಹಾಳೆಯಿಂದ ಶುರುಮಾಡಿ, ಒಂದೂ ಬಿಡದೆ ಹೇಳಿದಳು.